ಡಾಕ್ಟರ ಹತ್ತಿರ ಗುಟ್ಟೇಕೆ? – ತೊಡೆಸಂದಿನ ಗಂಟು

ಈ ವಾರ ಒಂದೇ ಪತ್ರಕ್ಕೆ ಮುಕ್ಕಾಲು ಪುಟ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಈ ಹುಡುಗನಿಗೆ ಕಾಯುವಷ್ಟು ಪುರುಸೊತ್ತಿಲ್ಲ. ಅವನು ಬರೆದದ್ದು ಹೀಗಿದೆ:

"ಡಾಕ್ಟ್ರಿಗೆ ನಮಸ್ಕಾರ. ವಯಸ್ಸು ೨೫. ಲಾರಿ ಓಡಿಸ್ತೀನಿ. ಹೆಸರು, ಊರು ಹಾಕಬೇಡಿ. ನಮ್ಮೂರ ಬಸ್ ಸ್ಟ್ಯಾಂಡಿಗೂ ಈ ಪತ್ರಿಕೆ ಬರುತ್ತೆ. ಏಳು ವಾರದ ಹಿಂದೆ ಲೋಡ್ ಇಳಿಸೋಕೆ ಹೋದ ಊರಲ್ಲಿ ಇಬ್ಬರು ಗೆಳೆಯರ ಜತೆ ಒಬ್ಬಳ ಹತ್ತಿರ ಹೋಗಿದ್ದೆ. ಹತ್ತು ದಿನಕ್ಕೆ ತುದಿಯಲ್ಲಿ ಒಂದು ಚಿಕ್ಕ ಗುಳ್ಳೆ ಬಂತು. ನೋವೂ ಇಲ್ಲ, ಉರಿಯೂ ಇಲ್ಲ. ನಾಲ್ಕೈದು ದಿನಕ್ಕೆ ತಾನೇ ಹೋಯ್ತು. ದೇವರು ದೊಡ್ಡೋನು ಅಂದ್ಕೊಂಡು ಸುಮ್ಮನಾದೆ. ಈಗ ಹದಿನೈದು ದಿನದಿಂದ ಎಡ ತೊಡೆಸಂದಲ್ಲಿ ಗಂಟು. ಮೊದಲು ನೆಲ್ಲಿಕಾಯಿ ಅಷ್ಟಿತ್ತು, ಈಗ ನಿಂಬೆಹಣ್ಣಿಗಿಂತ ದೊಡ್ಡದು. ಕ್ಲಚ್ ಒತ್ತಿದ್ರೆ ಪ್ರಾಣ ಹೋಗುತ್ತೆ. ಸಂಜೆ ಜ್ವರ ಬರುತ್ತೆ. ಅಮ್ಮ ಉಷ್ಣ ಅಂತ ಮೆಂತ್ಯ ನೆನೆಸಿ ಕೊಡ್ತಾಳೆ. ಲಾಡ್ಜಿಗೆ ತಿಂಗಳಿಗೊಮ್ಮೆ ಬರೋ ವೈದ್ಯ ನೋಡಿ, ಕುಯ್ದು ಕೀವು ತೆಗೆದ್ರೆ ಸರಿಹೋಗುತ್ತೆ, ೪,೦೦೦ ರೂಪಾಯಿ ತಾ ಅಂದ. ಮುಂದಿನ ತಿಂಗಳು ನನ್ನ ಮದುವೆ. ಹುಡುಗಿ ಸೋದರಮಾವನ ಮಗಳು. ಅಷ್ಟರೊಳಗೆ ಯಾರಿಗೂ ಗೊತ್ತಾಗದ ಹಾಗೆ ವಾಸಿಯಾಗೋ ಮಾತ್ರೆ ಬರೆದುಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳೋದು ಬೇಡ ತಮ್ಮಾ. ಮೊದಲು ಒಂದು ಕೆಲಸ ಮಾಡು. ಆ ಲಾಡ್ಜಿನವನ ಕೈಗೆ ಬ್ಲೇಡ್ ಕೊಡಬೇಡ. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ.

ಕಾಗದದ ಮೇಲೆ ರೋಗ ಕಂಡುಹಿಡಿಯೋಕೆ ನಾನು ಜ್ಯೋತಿಷಿಯಲ್ಲ. ತೊಡೆಸಂದಿನಲ್ಲಿ ಗಂಟು ಬರೋದಕ್ಕೆ ನೂರೆಂಟು ಕಾರಣ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೂ ಬರುತ್ತೆ. ಕೆಮ್ಮಿದಾಗ ಉಬ್ಬಿ ಮಲಗಿದಾಗ ಒಳಗೆ ಹೋಗೋದಾದರೆ ಅದು ಹರ್ನಿಯಾ. ಕ್ಷಯದಿಂದ ಬರಬಹುದು, ಆನೆಕಾಲು ರೋಗದ ಸೀಮೆಯಲ್ಲಿ ಅದರಿಂದಲೂ ಬರಬಹುದು. ಸಿಫಿಲಿಸ್ ಅಂದರೆ ನಮ್ಮ ಹಿರಿಯರು ಪರಂಗಿ ರೋಗ ಅನ್ನುತ್ತಿದ್ದದ್ದು, ಅದರಲ್ಲೂ ಗಂಟು ಉಂಟು. ಆದರೆ ಸಾಮಾನ್ಯವಾಗಿ ನೋವಿರೋದಿಲ್ಲ, ಎರಡೂ ಕಡೆ ರಬ್ಬರಿನ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತೆ. ಇನ್ನು ಶಾಂಕ್ರಾಯ್ಡ್ ಅಂತ ಒಂದಿದೆ. ಅದರಲ್ಲಿ ಹುಣ್ಣೂ ನೋಯುತ್ತೆ, ಗಂಟೂ ನೋಯುತ್ತೆ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಇರುತ್ತೆ.

ನಿನ್ನ ಕಥೆ ಬೇರೆ. ನೋವಿಲ್ಲದ ಗುಳ್ಳೆ ಬಂತು, ಹೋಯ್ತು. ಕೆಲವು ವಾರ ಏನೂ ಇಲ್ಲ. ಆಮೇಲೆ ಒಂದೇ ಪಕ್ಕದಲ್ಲಿ ನೋಯುವ ಗಂಟು, ಜತೆಗೆ ಜ್ವರ. ಈ ಕ್ರಮ ನೋಡಿದ ಯಾವ ಚರ್ಮರೋಗದ ಡಾಕ್ಟರಿಗೂ ಮೊದಲು ನೆನಪಾಗೋ ಹೆಸರು ಲಿಂಫೋಗ್ರಾನುಲೋಮಾ ವೆನೀರಿಯಮ್. ಹೆಸರು ಬಾಯಿಗೆ ಹೊಂದೋದಿಲ್ಲ, ಅದಕ್ಕೇ ಡಾಕ್ಟರುಗಳು ಎಲ್‌ಜಿವಿ ಅಂತಾರೆ. ನಾವೂ ಹಾಗೇ ಕರೆಯೋಣ.

ನಮ್ಮ ಸಿನಿಮಾದಲ್ಲಿ ಖಳನಾಯಕ ಅಂದರೆ ವಜ್ರಮುನಿಯ ಹಾಗೆ ಗುಡುಗುತ್ತಲೇ ಬರಬೇಕು. ಬರುವಾಗಲೇ ನಾಯಕ ಎದ್ದು ನಿಲ್ಲುತ್ತಾನೆ. ಗೊನೋರಿಯಾ ಆ ಜಾತಿ. ಮೂರನೇ ದಿನಕ್ಕೇ ಕೀವು, ಉರಿ, ಹುಡುಗ ಓಡಿಬರುತ್ತಾನೆ. ಈ ಎಲ್‌ಜಿವಿ ಬಾಲಕೃಷ್ಣ ಮಾಡುತ್ತಿದ್ದ ಪಾತ್ರಗಳ ಜಾತಿ. ನಗುನಗುತ್ತಾ ಬಂದು, ಕಾಫಿ ಕುಡಿದು ಹೋದ ಹಾಗೆ ಮಾಡಿ, ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕೂತಿರುತ್ತೆ. ನಿನಗೆ ಬಂದ ಗುಳ್ಳೆ ವಾಸಿಯಾಗಲಿಲ್ಲ ತಮ್ಮಾ. ಒಳಗೆ ಹೋಯಿತು, ಅಷ್ಟೆ.

ಹೇಗೆ ಒಳಗೆ ಹೋಗುತ್ತೆ? ಮೈಯಲ್ಲಿ ರಕ್ತದ ಹಾಗೇ ಇನ್ನೊಂದು ರಸ ಹರಿಯುತ್ತೆ, ದುಗ್ಧರಸ ಅಂತ ಹೆಸರು. ಚರ್ಮ ಮಾಂಸಗಳಲ್ಲಿ ಒಸರಿದ ನೀರನ್ನೆಲ್ಲ ಸಣ್ಣ ನಾಳಗಳಲ್ಲಿ ಒಟ್ಟು ಮಾಡಿ ವಾಪಸು ರಕ್ತಕ್ಕೆ ಸೇರಿಸೋದು ಅದರ ಕೆಲಸ. ದಾರಿಯಲ್ಲಿ ಅಲ್ಲಲ್ಲಿ ಗ್ರಂಥಿಗಳಿವೆ. ನೀನು ಲಾರಿಯವನು, ನಿನಗೆ ಚೆಕ್‌ಪೋಸ್ಟ್ ಅಂದರೆ ಸಾಕು. ಕಾಲಿನಿಂದ, ಶಿಶ್ನದಿಂದ ಬರುವ ಸರಕೆಲ್ಲ ತೊಡೆಸಂದಿನ ಚೆಕ್‌ಪೋಸ್ಟಿನಲ್ಲಿ ನಿಲ್ಲಲೇಬೇಕು. ಅಲ್ಲಿ ಬಿಳಿ ರಕ್ತಕಣಗಳು ಪೊಲೀಸಿನ ಹಾಗೆ ಕೂತಿರುತ್ತವೆ. ಬೇರೆ ರೋಗಾಣು ಬಂದರೆ ಹಿಡಿದು ಮುಗಿಸುತ್ತವೆ. ಎಲ್‌ಜಿವಿಯ ರೋಗಾಣು ಏನು ಮಾಡುತ್ತೆ ಗೊತ್ತಾ? ಆ ಪೊಲೀಸಿನ ಹೊಟ್ಟೆಯೊಳಗೇ ಹೊಕ್ಕು ಅಲ್ಲೇ ಸಂಸಾರ ಹೂಡಿ ಮರಿ ಹಾಕುತ್ತೆ. ಗ್ರಂಥಿ ಊದುತ್ತೆ, ಅಕ್ಕಪಕ್ಕದ ಗ್ರಂಥಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಳಗೆ ಕೀವಿನ ಗೂಡುಗಳಾಗುತ್ತವೆ. ನಿನ್ನ ನಿಂಬೆಹಣ್ಣು ಅದೇ.

ತೊಡೆಸಂದಿನಲ್ಲಿ ಸೊಂಟದ ಮೂಳೆಯಿಂದ ಓರೆಯಾಗಿ ಕೆಳಗಿಳಿಯುವ ಹಗ್ಗದಂಥ ಒಂದು ನಾರು ಇದೆ. ಅದರ ಮೇಲಿನ ಗ್ರಂಥಿಗಳೂ ಊದಿ ಕೆಳಗಿನವೂ ಊದಿದರೆ ನಡುವೆ ನೇಗಿಲು ಹೊಡೆದ ಸಾಲಿನ ಹಾಗೆ ಒಂದು ಗೆರೆ ಕಾಣುತ್ತೆ. ಆ ಗೆರೆ ಕಂಡರೆ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕ ಹಾಗೆ. ಎಲ್ಲರಲ್ಲೂ ಕಾಣೋದಿಲ್ಲ, ಕಾಣಲಿಲ್ಲ ಅಂತ ನೆಮ್ಮದಿಯಾಗಿ ಕೂರಬೇಡ.

ಈ ರೋಗಾಣುವಿನ ಹೆಸರು ಕ್ಲಮೈಡಿಯಾ ಟ್ರಕೋಮ್ಯಾಟಿಸ್. ಇದರದೊಂದು ದೊಡ್ಡ ಮನೆತನ. ಒಂದು ಶಾಖೆ ಕಣ್ಣಿಗೆ ಬಂದು ಟ್ರಕೋಮಾ ತಂದು ಕುರುಡು ಮಾಡುತ್ತೆ. ಇನ್ನೊಂದು ಶಾಖೆ ಮೂತ್ರನಾಳದ ಒಳಪದರದಲ್ಲೇ ಕೂತು ಉರಿ ತರುತ್ತೆ, ಆಳಕ್ಕೆ ಹೋಗೋದಿಲ್ಲ. ಎಲ್೧, ಎಲ್೨, ಎಲ್೩ ಎಂಬ ಮೂರು ದಾಯಾದಿಗಳು ಮಾತ್ರ ಗ್ರಂಥಿಗೇ ಇಳಿಯುವ ಪೈಕಿ. ಜೀವಕೋಶದ ಒಳಗೇ ಬದುಕುವುದರಿಂದ ಬಹಳ ಕಾಲ ಇದನ್ನು ವೈರಸ್ ಅಂತಲೇ ತಿಳಿದಿದ್ದರು. ಈಗ ಬ್ಯಾಕ್ಟೀರಿಯಾ ಅಂತ ಖಚಿತ. ಅದು ನಿನ್ನ ಪುಣ್ಯ. ಬ್ಯಾಕ್ಟೀರಿಯಾಕ್ಕೆ ಮಾತ್ರೆ ಇದೆ.

ರೋಗವೇನೂ ಹೊಸದಲ್ಲ. ಹಿಂದೆ ಬಂದರುಗಳಲ್ಲಿ ನಾವಿಕರಿಗೆ ಹೀಗೆ ಗಂಟು ಬಂದಾಗ, ಬಿಸಿಲು ಸೀಮೆಯ ಹವೆಯಿಂದ ಬಂದದ್ದು ಅಂತ ಬಿಳಿಯ ಡಾಕ್ಟರುಗಳೇ ಬರೆದಿಟ್ಟಿದ್ದರು. ನಿನ್ನ ಅಮ್ಮ ಉಷ್ಣ ಅಂದಳಲ್ಲ, ಅವಳೊಬ್ಬಳೇ ಅಲ್ಲ. ೧೯೧೩ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಡ್ಯೂರಾಂಡ್, ನಿಕೊಲಾ, ಫಾವ್ರ್ ಎಂಬ ಮೂವರು ಡಾಕ್ಟರುಗಳು ಇದನ್ನೇ ಒಂದು ಪ್ರತ್ಯೇಕ ರೋಗ ಎಂದು ವಿವರಿಸಿದರು. ೧೯೨೫ರಲ್ಲಿ ವಿಲ್ಹೆಲ್ಮ್ ಫ್ರೈ ಎಂಬ ಜರ್ಮನ್ ಡಾಕ್ಟರು ಗಂಟಿನ ಕೀವನ್ನೇ ಕಾಯಿಸಿ, ಸೂಜಿಯಿಂದ ಚರ್ಮಕ್ಕೆ ಚುಚ್ಚಿ ರೋಗ ಇದೆಯೋ ಇಲ್ಲವೋ ನೋಡುವ ಪರೀಕ್ಷೆ ತಂದರು. ಆ ಪರೀಕ್ಷೆ ಈಗ ಇಲ್ಲ. ಈಗ ಹುಣ್ಣಿನಿಂದಲೋ ಗಂಟಿನ ಕೀವಿನಿಂದಲೋ ಮಾದರಿ ತೆಗೆದು ರೋಗಾಣುವಿನ ವಂಶವಾಹಿಯನ್ನೇ ಹುಡುಕುತ್ತಾರೆ. ಆ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ. ಅದಕ್ಕೇ ನಮ್ಮಲ್ಲಿ ಲಕ್ಷಣ ನೋಡಿಯೇ ಔಷಧ ಶುರು ಮಾಡುತ್ತಾರೆ, ಮಾಡಬೇಕಾದ್ದೂ ಹಾಗೇ.

ಈಗ ಲಾಡ್ಜಿನವನ ವಿಷಯ. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ನೋಡಿಲ್ಲವಾ ನೀವೆಲ್ಲ? ಪ್ರತಿ ತಿಂಗಳು ಇಂಥ ತಾರೀಕು, ಇಂಥ ರೂಮು, ಎಲ್ಲ ಗುಪ್ತರೋಗಕ್ಕೂ ಗ್ಯಾರಂಟಿ. ಗ್ಯಾರಂಟಿ ಕೊಡುವವನು ಮಾರನೇ ದಿನ ಯಾವ ಊರಲ್ಲಿರುತ್ತಾನೋ ಯಾರಿಗೆ ಗೊತ್ತು! ಎಲ್‌ಜಿವಿ ಗಂಟನ್ನು ಕುರುವಿನ ಹಾಗೆ ಕುಯ್ದರೆ ಗಾಯ ಕೂಡಿಕೊಳ್ಳೋದಿಲ್ಲ. ತೂತು ತೂತಾಗಿ ತಿಂಗಳುಗಟ್ಟಲೆ ಸೋರುತ್ತೆ. ಗಂಟು ಹಣ್ಣಾಗಿ ಮೆತ್ತಗಾಗಿದ್ದರೆ ಡಾಕ್ಟರು ಪಕ್ಕದ ಒಳ್ಳೆಯ ಚರ್ಮದ ಮೂಲಕ ದಪ್ಪ ಸೂಜಿ ತೂರಿಸಿ ಕೀವನ್ನು ಎಳೆದು ತೆಗೆಯುತ್ತಾರೆ. ಬೇಕಾದರೆ ಎರಡು ಮೂರು ಸಲ. ಕುಯ್ಯೋದಿಲ್ಲ. ಬಿಸಿ ಉಪ್ಪಿನ ಶಾಖ, ಸುಣ್ಣ-ಬೆಲ್ಲದ ಪಟ್ಟು, ಅವೂ ಬೇಡ. ಮೆಂತ್ಯ ಕುಡಿ, ತಪ್ಪಿಲ್ಲ. ಅದು ಹೊಟ್ಟೆಗೆ ಒಳ್ಳೆಯದು, ಗಂಟಿಗೆ ಏನೂ ಮಾಡೋದಿಲ್ಲ.

ಮಾತ್ರೆಯ ಹೆಸರು ಡಾಕ್ಸಿಸೈಕ್ಲಿನ್. ೧೦೦ ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು, ೨೧ ದಿನ. ಒಟ್ಟು ೪೨. ಹೆಸರು ಬರೆದೆ ಅಂತ ಈ ಪುಟ ಹರಿದುಕೊಂಡು ಸೀದಾ ಮೆಡಿಕಲ್ ಸ್ಟೋರಿಗೆ ಹೋಗಬೇಡ. ಮೊದಲು ಡಾಕ್ಟರು ನೋಡಬೇಕು, ರಕ್ತ ಪರೀಕ್ಷೆ ಆಗಬೇಕು. ನಾನು ಲೆಕ್ಕ ಬರೆದದ್ದು ಬೇರೆ ಕಾರಣಕ್ಕೆ. ಐದಾರು ದಿನಕ್ಕೆ ಜ್ವರ ಬಿಡುತ್ತೆ, ನೋವು ಇಳಿಯುತ್ತೆ, ಕ್ಲಚ್ ಒತ್ತಬಹುದು. ಅವತ್ತೇ ನಮ್ಮ ಹುಡುಗರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮಿಕ್ಕಿದ್ದನ್ನು ಗೆಳೆಯನಿಗೆ ದಾನ ಮಾಡುವ ಕರ್ಣರೂ ಉಂಟು! ಗುಳ್ಳೆ ಮಾಯವಾದಾಗ ಮೋಸ ಹೋದೆ, ಗಂಟು ಇಳಿದಾಗ ಇನ್ನೊಮ್ಮೆ ಹೋಗಬೇಡ. ೪೨ನೆಯ ಮಾತ್ರೆ ನುಂಗುವ ತನಕ ರೋಗ ಇದೆ ಅಂತಲೇ ತಿಳಿ.

ಊಟ ಮಾಡಿ, ಒಂದು ಲೋಟ ತುಂಬ ನೀರಿನ ಜತೆ ನುಂಗಬೇಕು. ನುಂಗಿದ ಕೂಡಲೇ ಸೀಟಿನ ಮೇಲೆ ಅಡ್ಡ ಬೀಳಬೇಡ, ಮಾತ್ರೆ ಅನ್ನನಾಳದಲ್ಲೇ ಕೂತರೆ ಎದೆ ಸುಟ್ಟು ಹುಣ್ಣಾಗುತ್ತೆ. ಹಾಲು, ಗ್ಯಾಸಿನ ಔಷಧ, ಕಬ್ಬಿಣದ ಮಾತ್ರೆ ಇವನ್ನು ಅದರ ಜತೆಗೇ ತೊಗೋಬೇಡ. ಬಿಸಿಲಿಗೆ ಮೈ ಬೇಗ ಸುಡುತ್ತೆ, ಕ್ಯಾಬಿನ್ ಪಕ್ಕದ ಕೈಗೆ ತುಂಬು ತೋಳಿನ ಶರ್ಟು ಹಾಕು. ಗರ್ಭಿಣಿಯರಿಗೆ ಈ ಮಾತ್ರೆ ಕೊಡೋದಿಲ್ಲ, ಅವರಿಗೆ ಬೇರೆ ಇದೆ.

ಎಲ್ಲಿಗೆ ಹೋಗೋದು? ಜಿಲ್ಲಾ ಆಸ್ಪತ್ರೆಗೆ ಹೋಗು. 'ಸುರಕ್ಷಾ ಕ್ಲಿನಿಕ್' ಅನ್ನುವ ಬೋರ್ಡು ಹುಡುಕು. ಇಂಥ ರೋಗಗಳಿಗೇ ಸರ್ಕಾರ ನಡೆಸುವ ಜಾಗ ಅದು. ಔಷಧ ಪುಕ್ಕಟೆ, ಮಾತಾಡಿಸೋಕೆ ಒಬ್ಬ ಆಪ್ತ ಸಲಹೆಗಾರರೂ ಇರುತ್ತಾರೆ. ಮೆಡಿಕಲ್ ಕಾಲೇಜು ಹತ್ತಿರವಾದರೆ ಚೀಟಿ ಮಾಡಿಸುವಾಗ "ಚರ್ಮದ ವಿಭಾಗ" ಅಂದರೆ ಸಾಕು. ಸಾಲಲ್ಲಿ ಮುಂದೆ ನಿಂತವನಿಗೆ ತುರಿಕಜ್ಜಿ ಇರಬಹುದು, ಹಿಂದೆ ನಿಂತವಳಿಗೆ ಮೊಡವೆ. ನಿನ್ನದೇನು ಅಂತ ಯಾರ ಹಣೆಯ ಮೇಲೂ ಬರೆದಿರೋದಿಲ್ಲ. ಮೊದಲು ಫೋನಿನಲ್ಲೇ ಕೇಳಬೇಕು ಅಂದರೆ ೧೦೯೭ಕ್ಕೆ ಮಾಡು, ದುಡ್ಡು ಬೀಳೋದಿಲ್ಲ.

ಅಲ್ಲಿ ಸಿಫಿಲಿಸ್ ಪರೀಕ್ಷೆ, ಎಚ್‌ಐವಿ ಪರೀಕ್ಷೆ ಎರಡನ್ನೂ ಮಾಡಿಸಬೇಕು. ಹೆದರಬೇಡ, ಎಲ್‌ಜಿವಿ ಬಂದವರಿಗೆಲ್ಲ ಎಚ್‌ಐವಿ ಇರುತ್ತೆ ಅಂತಲ್ಲ. ಒಂದೇ ಬಾಗಿಲಿಂದ ಎರಡೂ ಬರುತ್ತವೆ, ಹುಣ್ಣು ಇದ್ದರೆ ಆ ಬಾಗಿಲು ಇನ್ನಷ್ಟು ತೆರೆದಿರುತ್ತೆ. ಈಗ ಒಮ್ಮೆ, ಆ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ. ನಿನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಊರಿಗೆ ಸಾರುವಂತಿಲ್ಲ. ೨೦೧೭ರ ಕಾಯಿದೆಯೇ ಹಾಗೆ ಹೇಳುತ್ತೆ.

ಇನ್ನು ಮದುವೆ.

ಇಲ್ಲಿ ನಾನು ಸ್ವಲ್ಪ ಗಟ್ಟಿ ಮಾತಾಡ್ತೀನಿ, ಬೇಜಾರಾದರೂ ಓದು. ಯಾರಿಗೂ ಗೊತ್ತಾಗದ ಹಾಗೆ ಅಂದೆಯಲ್ಲ, ಈ ರೋಗ ನಿನಗಿಂತ ಚೆನ್ನಾಗಿ ಗುಟ್ಟು ಕಾಪಾಡುತ್ತೆ. ಅದೂ ಹೆಣ್ಣಿನ ಮೈಯಲ್ಲಿ. ಗಂಡಸಿಗಾದರೆ ತೊಡೆಸಂದಿನಲ್ಲಿ ಗಂಟು ಬಂದು ಚೀರಿ ಹೇಳುತ್ತೆ. ಹೆಂಗಸರಿಗೆ ಹುಣ್ಣು ಒಳಗಡೆ ಆದರೆ ಅಲ್ಲಿನ ದುಗ್ಧರಸ ತೊಡೆಸಂದಿಗೆ ಬರೋದೇ ಇಲ್ಲ, ಕಿಬ್ಬೊಟ್ಟೆಯ ಒಳಗಿನ, ಗುದನಾಳದ ಸುತ್ತಿನ ಗ್ರಂಥಿಗಳಿಗೆ ಹೋಗುತ್ತೆ. ಹೊರಗೆ ಏನೂ ಕಾಣೋದಿಲ್ಲ. ಸೊಂಟ ನೋವು ಅಂತಾಳೆ, ಕಿಬ್ಬೊಟ್ಟೆ ಹಿಡಿದ ಹಾಗೆ ಆಗುತ್ತೆ ಅಂತಾಳೆ. ಹೊಸ ಮದುವೆ, ಕೆಲಸ ಜಾಸ್ತಿ, ಅಂತ ಅತ್ತೆಯೂ ಅಂತಾಳೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಗುದನಾಳ ಗಾಯಗೊಂಡು ಕಿರಿದಾಗುತ್ತೆ, ಮಲ ಹೊರಗೆ ಹೋಗೋದೇ ಕಷ್ಟ. ಇರಬಾರದ ಜಾಗದಲ್ಲಿ ತೂತು ಬಿದ್ದು ಸೋರುತ್ತೆ. ದುಗ್ಧರಸದ ದಾರಿ ಕಟ್ಟಿ ಜನನಾಂಗ ಆನೆಕಾಲಿನ ಹಾಗೆ ಊದಿಕೊಳ್ಳುತ್ತೆ. ಆ ಹಂತದಲ್ಲಿ ಮಾತ್ರೆ ರೋಗಾಣುವನ್ನು ಕೊಲ್ಲುತ್ತೆ ನಿಜ, ಕೆಟ್ಟುಹೋದ ಅಂಗವನ್ನು ಮೊದಲಿನ ಹಾಗೆ ಮಾಡೋದಿಲ್ಲ. ನಿನ್ನ ಸೋದರಮಾವನ ಮಗಳು ತಾನು ಯಾವ ಊರಿಗೆ ಲೋಡು ಇಳಿಸೋಕೆ ಹೋಗಿದ್ದಳು, ಇದನ್ನೆಲ್ಲ ಅನುಭವಿಸೋಕೆ?

ಮದುವೆಯನ್ನು ಎರಡು ತಿಂಗಳು ಮುಂದೆ ಹಾಕಿಸು. ಮಾತ್ರೆ ಮುಗಿದು, ಗಂಟು ಪೂರ್ತಿ ಕರಗಿ, ಡಾಕ್ಟರು ಸರಿ ಅಂದು, ಮೂರು ತಿಂಗಳ ಎಚ್‌ಐವಿ ಪರೀಕ್ಷೆಯೂ ಆಗಲಿ. ಮನೆಯವರಿಗೆ ಏನು ಹೇಳೋದು? "ತೊಡೆಯಲ್ಲಿ ಗಡ್ಡೆ ಆಗಿದೆ, ಚಿಕಿತ್ಸೆ ನಡೀತಿದೆ, ಡಾಕ್ಟರು ಈಗ ಬೇಡ ಅಂದಿದಾರೆ" ಅನ್ನು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಛತ್ರದ ಮುಂಗಡ ಹೋದರೆ ಹೋಗಲಿ. ಹುಡುಗಿಗೆ ಮಾತ್ರ ನಿಜ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಹೇಳಿದರೆ ಅವಳು ಬೇಡ ಅನ್ನಬಹುದು. ಅನ್ನುವ ಹಕ್ಕು ಅವಳಿಗಿದೆ. ಇಷ್ಟನ್ನೂ ಕೇಳಿ ಹೂಂ ಅಂದಳೋ, ನಿನ್ನಂಥ ಅದೃಷ್ಟವಂತ ಇಲ್ಲ. ಸಲಹೆಗಾರರ ಎದುರು ಇಬ್ಬರೂ ಕೂತು ಮಾತಾಡಬೇಕು ಅಂದರೆ ಸುರಕ್ಷಾ ಕ್ಲಿನಿಕ್ಕಿನಲ್ಲಿ ಅದಕ್ಕೂ ಅವಕಾಶ ಇದೆ.

ಪತ್ರದ ಕೊನೆಯಲ್ಲಿ ಆ ಹೆಂಗಸನ್ನು ಬಾಯಿಗೆ ಬಂದ ಹಾಗೆ ಬೈದಿದ್ದೀಯ. ಆ ನಾಲ್ಕು ಸಾಲು ಅಚ್ಚು ಹಾಕಿಲ್ಲ. ಅವಳಿಗೆ ರೋಗ ಕೊಟ್ಟವನೂ ನಿನ್ನ ಹಾಗೇ ಒಬ್ಬ ಗಂಡಸು ತಾನೆ? ಮೇಲೆ ಹೇಳಿದ ಕಾರಣಕ್ಕೆ ಅವಳಿಗೆ ತನಗೆ ರೋಗ ಇದೆ ಅಂತಲೇ ಗೊತ್ತಿಲ್ಲದೆ ಇರಬಹುದು. ಹೇಗಾದರೂ ಸುದ್ದಿ ಮುಟ್ಟಿಸಲು ಸಾಧ್ಯವಾದರೆ ಮುಟ್ಟಿಸು. ಲಕ್ಷಣ ಶುರುವಾಗುವ ಮುಂಚಿನ ೬೦ ದಿನದಲ್ಲಿ ಯಾರ ಯಾರ ಜತೆ ಸೇರಿದ್ದೀಯೋ ಅವರೆಲ್ಲರಿಗೂ ಪರೀಕ್ಷೆ, ಔಷಧ ಆಗಬೇಕು ಅನ್ನೋದು ಲೆಕ್ಕ. ಜತೆಗೆ ಬಂದ ಆ ಇಬ್ಬರು ಗೆಳೆಯರಿದ್ದಾರಲ್ಲ, ಅವರಿಗೆ ಇವತ್ತೇ ಫೋನ್ ಮಾಡು. ಗುಳ್ಳೆ ಬಂದು ಹೋಯಿತು ಅಂತ ಅವರೂ ದೇವರಿಗೆ ಕಾಯಿ ಒಡೆಸಿ ಕೂತಿರಬಹುದು.

ಇದೇ ವಿಷಯಕ್ಕೆ ಸೇರಿದ ಇನ್ನು ಮೂರು ಪತ್ರಗಳಿಗೆ ಚುಟುಕು ಉತ್ತರ.

"ನಾನು ಗಂಡಸರ ಜತೆ ಸೇರುವವನು. ಗುದದ್ವಾರದಲ್ಲಿ ರಕ್ತ, ಲೋಳೆ. ಪದೇ ಪದೇ ಕಕ್ಕಸಿಗೆ ಹೋಗಬೇಕು ಅನ್ನಿಸುತ್ತೆ, ಹೋದರೆ ಏನೂ ಬರೋದಿಲ್ಲ. ಮೂಲವ್ಯಾಧಿ ಅಂತ ಮುಲಾಮು ಹಚ್ಚುತ್ತಿದ್ದೇನೆ."

ಮುಲಾಮು ಕೆಳಗಿಡು, ಡಾಕ್ಟರ ಹತ್ತಿರ ಹೋಗು. ಎಲ್‌ಜಿವಿ ಗುದನಾಳಕ್ಕೆ ಬಂದರೆ ಹೀಗೇ ಕಾಣುತ್ತೆ, ತೊಡೆಸಂದಿನಲ್ಲಿ ಗಂಟು ಇರಲೇಬೇಕು ಅಂತಿಲ್ಲ. ೨೦೦೩ರಲ್ಲಿ ಹಾಲೆಂಡಿನ ರಾಟರ್‌ಡಾಮ್‌ನಲ್ಲಿ ಹೀಗೆ ಹಲವರು ಒಟ್ಟಿಗೆ ಸಿಕ್ಕಿದ ಮೇಲೆ ಯೂರೋಪಿನ ಡಾಕ್ಟರುಗಳೆಲ್ಲ ಕಣ್ಣು ತೆರೆದರು. ಅವರಲ್ಲಿ ಬಹಳ ಜನರಿಗೆ ಎಚ್‌ಐವಿ ಕೂಡ ಇತ್ತು, ಅದಕ್ಕೇ ಆ ಪರೀಕ್ಷೆಯನ್ನೂ ಮಾಡಿಸು. ಹೇಗೆ ಬಂತು ಅಂತ ಡಾಕ್ಟರಿಗೆ ನಿಜ ಹೇಳು, ಇಲ್ಲದಿದ್ದರೆ ಅವರೂ ಮೂಲವ್ಯಾಧಿ ಅಂತಲೇ ಬರೆಯುತ್ತಾರೆ. ಪೊಲೀಸಿನ ಭಯ ಬೇಡ. ವಯಸ್ಕರಿಬ್ಬರು ಒಪ್ಪಿ ಸೇರುವುದು ಅಪರಾಧವಲ್ಲ ಅಂತ ೨೦೧೮ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

"ಕಾಂಡೋಮ್ ಹಾಕಿದ್ದೆ, ಆದರೂ ಬರುತ್ತಾ? ಟಾಕೀಸಿನ ಕಕ್ಕಸಿನಿಂದ ಬಂದಿರಬಹುದು ಅಂತ ಗೆಳೆಯ ಹೇಳ್ತಾನೆ."

ಗೆಳೆಯ ನಿನ್ನನ್ನು ಉಳಿಸೋಕೆ ನೋಡ್ತಿದಾನೆ, ಪಾಪ. ಕಕ್ಕಸು, ಸೀಟು, ಟವೆಲು ಯಾವುದರಿಂದಲೂ ಅಲ್ಲ, ಸೇರುವುದರಿಂದಲೇ ಬರುತ್ತೆ. ಕಾಂಡೋಮ್ ಅಪಾಯವನ್ನು ಬಹಳ ಕಡಿಮೆ ಮಾಡುತ್ತೆ, ಆದರೆ ತಾನು ಮುಚ್ಚಿದ ಜಾಗವನ್ನು ಮಾತ್ರ ಕಾಯುತ್ತೆ. ಹುಣ್ಣು ಅದರಾಚೆ ಬುಡದಲ್ಲಿದ್ದರೆ ಅಂಟಬಹುದು. ಮುಗಿಯುವ ಹೊತ್ತಿಗೆ ಹಾಕಿಕೊಂಡರೆ ಹಾಕಿದ ಲೆಕ್ಕಕ್ಕೆ ಬರೋದಿಲ್ಲ.

"ವಯಸ್ಸು ೧೯. ಎರಡೂ ತೊಡೆಸಂದಿನಲ್ಲಿ ಬಟಾಣಿಯಂಥ ಗಂಟುಗಳು ಮೂರು ವರ್ಷದಿಂದ ಇವೆ. ನೋವಿಲ್ಲ, ಬೆಳೆದಿಲ್ಲ. ಯಾವ ಹೆಣ್ಣನ್ನೂ ಮುಟ್ಟಿಲ್ಲ. ಹಸ್ತಮೈಥುನದ ಅಭ್ಯಾಸ ಇದೆ, ಅದರಿಂದ ಹೀಗಾಯ್ತಾ? ಗೋಡೆಯ ಮೇಲೆ ಓದಿದ ವಿಳಾಸಕ್ಕೆ ೨,೦೦೦ ಕಳಿಸಿ ಲೇಹ್ಯ ತರಿಸಿದೆ."

ಅದರಿಂದ ಅಲ್ಲ. ಬರಿಗಾಲಲ್ಲಿ ಓಡಾಡಿದ, ಗದ್ದೆಯಲ್ಲಿ ಕೆಲಸ ಮಾಡಿದ ನಮ್ಮ ಹುಡುಗರಲ್ಲಿ ಇಂಥ ಪುಟ್ಟ ಗಂಟುಗಳು ಸಾಮಾನ್ಯ. ಕಾಲಿನ ಗಾಯಗಳನ್ನು ಕಾಯ್ದು ಕಾಯ್ದು ಚೆಕ್‌ಪೋಸ್ಟ್ ಸ್ವಲ್ಪ ದೊಡ್ಡದಾಗಿದೆ, ಅಷ್ಟೆ. ದೊಡ್ಡದಾಗುತ್ತಾ ಹೋದರೆ, ನೋವು, ಜ್ವರ ಬಂದರೆ, ಮೈ ಇಳಿದರೆ ಆಸ್ಪತ್ರೆಗೆ ಹೋಗಿ ತೋರಿಸು. ಲೇಹ್ಯ ತಿನ್ನಬೇಡ, ಅದರಲ್ಲಿ ಏನು ಅರೆದಿದ್ದಾನೋ ಯಾರಿಗೂ ಗೊತ್ತಿಲ್ಲ. ಕಾಲ್ಬೆರಳ ಸಂದಿನಲ್ಲಿ ಕೆಸರುಹುಣ್ಣು ಇದೆಯಾ ನೋಡಿಕೋ. ಇದ್ದರೆ ಅದಕ್ಕೆ ಔಷಧ ಹಚ್ಚು, ಗದ್ದೆಯಿಂದ ಬಂದ ಮೇಲೆ ಕಾಲು ತೊಳೆದು ಒರೆಸು, ಒಂದು ಜೊತೆ ಚಪ್ಪಲಿ ತೊಗೋ.